ಹೆಚ್ಚಾಗೇತಿ ಅಂದರೆ ಇಲ್ಲ ಅಂತ

ನಮ್ಮ ಅಂಗಡಿಯಲ್ಲಿ ‘ಇಲ್ಲ’ ಎಂಬ ಮಾತು ಇರಲಿಲ್ಲ. ಬನಹಟ್ಟಿಯ ಪೇಟೆಯಲ್ಲಿ ಅರಿಶಿಣ, ಕುಂಕುಮ, ವಿಭೂತಿ, ಬಾಸಿಂಗ, ಬಳೆ ಮಾರುವ ಸಣ್ಣ ಅಂಗಡಿ ಅದು. ಕುಂಕುಮ ತೀರಿದ್ದರೆ ನನ್ನ ಗಂಡ, “ಕುಂಕುಮ ಹೆಚ್ಚಾಗೇತ್ರೀ, ನಾಳಿ ಬರ್ರಿ” ಎನ್ನುತ್ತಿದ್ದರು. ಬಳೆ ಒಡೆದರೆ ಅವೂ ಹೆಚ್ಚಾಗುತ್ತಿದ್ದವು. ದೀಪವನ್ನು ಆರಿಸುತ್ತಿರಲಿಲ್ಲ, ಶಾಂತ ಮಾಡುತ್ತಿದ್ದರು. ಸಂಜೆ ಅಂಗಡಿ ಮುಚ್ಚುತ್ತಿರಲಿಲ್ಲ, ಬಾಗಿಲು ಮುಂದೆ ಮಾಡುತ್ತಿದ್ದರು. ಶುಭದ ಸಾಮಾನು ಮಾರುವವರ ಬಾಯಿಂದ ಅಶುಭದ ಮಾತು ಹೊರಡಬಾರದು ಎಂಬುದು ಮಾವನವರ ಕಾಲದಿಂದ ನಡೆದುಬಂದ ಪದ್ಧತಿ. ಹೆಚ್ಚಾಗಿದೆ ಎಂದರೆ ಬರಿಗೈಯಲ್ಲಿ ಮನೆಗೆ ಹೋಗಬೇಕು ಎಂಬುದು ಪೇಟೆಯ ಸಣ್ಣ ಮಕ್ಕಳಿಗೂ ಗೊತ್ತಿತ್ತು. ಗೊತ್ತಿಲ್ಲದವರೆಲ್ಲ ಬೆಂಗಳೂರಿನಲ್ಲಿದ್ದರು.

ಇದನ್ನೆಲ್ಲ ಬರೆಯುತ್ತಿರುವುದು ಅವರು ಹೋದ ಮೇಲೆ. ನಾನು ಹತ್ತನೇ ಇಯತ್ತೆಯವರೆಗೆ ಓದಿದವಳು, ಬರೆದು ರೂಢಿಯಿಲ್ಲ. ಆದರೆ ಸುಮ್ಮನೆ ಕುಳಿತಾಗ ಅವರ ಕೊನೆಯ ಮುಖ ನೆನಪಾಗುತ್ತದೆ, ಬರೆಯಲು ಕುಳಿತಾಗ ಅವರು ಫೋನಿನಲ್ಲಿ ಒದರುತ್ತಿದ್ದುದು ನೆನಪಾಗುತ್ತದೆ. ಹಾಗಾಗಿ ಬರೆಯುವುದೇ ಮೇಲು.

ಅವರು ಮೊಬೈಲ್ ಕೊಂಡದ್ದು ಅಣೆಕಟ್ಟಿನ ದೆಸೆಯಿಂದ. ಬೀಳಗಿ ಕಡೆಯ ಹೊಳೆಸಾಲಿನ ಹಳ್ಳಿಗಳ ಜನ ಮಾವನವರ ಕಾಲದಿಂದಲೂ ಲಗ್ನದ ಬಳೆ, ಬಾಸಿಂಗಕ್ಕೆ ನಮ್ಮಲ್ಲಿಗೇ ಬರುತ್ತಿದ್ದರು. ಹಿನ್ನೀರು ಬಂದಿತು. ಊರುಗಳು ಎದ್ದು ಎತ್ತರದ ಬಯಲಿಗೆ ಹೋದವು. ಊರಿನ ಹೆಸರು ಅದೇ ಉಳಿಯಿತು, ಓಣಿಗಳ ಹೆಸರು ಮಾತ್ರ ಹೋಗಿ ನಂಬರ್ ಬಂದವು. ಯಾರ ಮನೆ ಎಲ್ಲಿದೆ ಎಂದು ಅವರವರಿಗೇ ಹುಡುಕಾಟ. ಆದರೆ ಪರಿಹಾರ ಬಂದ ಮನೆಯವರೆಲ್ಲ ಮೊದಲು ಕೊಂಡದ್ದು ಮೊಬೈಲ್. ಇವರೂ ಒಂದು ತಂದರು. ಯಾಕೆ ಎಂದು ಕೇಳಿದ್ದಕ್ಕೆ, “ಅವರ ಊರು ಜಾಗಾ ಬದಲ ಮಾಡೇತಿ. ಫೋನರ ಕಿಸೇದಾಗ ಇರ್ತೈತಿ” ಎಂದರು. ಊರು ‘ಇಲ್ಲ’ ಎನ್ನಲು ಅಲ್ಲಿಯೂ ಅವರಿಗೆ ಬಾಯಿ ಬರಲಿಲ್ಲ.

ಬೀಳಗಿಯಿಂದ ಫೋನ್ ಬಂದರೆ ಬೀಳಗಿಯ ದಿಕ್ಕಿಗೆ ಮುಖ ಮಾಡಿ ಮಾತಾಡುತ್ತಿದ್ದರು. ಜಮಖಂಡಿಯಿಂದ ಬಂದರೆ ತಿರುಗಿ ನಿಲ್ಲುತ್ತಿದ್ದರು. ಬಳೆ ಇಡಿಸಿಕೊಳ್ಳಲು ಕುಳಿತ ಹೆಂಗಸರು ಕೈ ಚಾಚಿಕೊಂಡೇ ಇರುತ್ತಿದ್ದರು, ಇವರು ಕಟ್ಟೆಯ ಮೇಲೆ ಸುತ್ತುತ್ತಿದ್ದರು. ಎದುರಿನ ಟೇಲರ್ ಹೊಲಿಗೆ ನಿಲ್ಲಿಸಿ ಕೂಗುತ್ತಿದ್ದ: “ಅಲ್ಲೋ ಮಾರಾಯಾ, ಇಷ್ಟ ಒದರಿದ್ರ ಬೀಳಗಿಗಿ ಹಂಗ ಕೇಳಸ್ತೈತಿ. ಫೋನಿಗಿ ಯಾಕ ತ್ರಾಸ ಕೊಡ್ತಿ?”

“ಅವರು ದೂರ ಅದಾರಲೇ” ಎಂದು ಇವರು ಗಂಭೀರವಾಗಿ ಉತ್ತರ ಕೊಡುತ್ತಿದ್ದರು.

ನಮಗೆ ಕುಂಕುಮ, ಅರಿಶಿಣ ಕಳಿಸುತ್ತಿದ್ದುದು ಬೆಂಗಳೂರಿನ ಒಂದು ಕಂಪನಿ. ಮೊದಲು ಅವರ ಕಡೆಯಿಂದ ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬರು ಬಸ್ಸಿನಲ್ಲಿ ಬರುತ್ತಿದ್ದರು. ಮುಧೋಳದ ಕಡೆಯವರು. ಹೆಚ್ಚಾಗಿದೆ ಎಂದರೆ ತಲೆಯಾಡಿಸಿ ಆರ್ಡರ್ ಬರೆದುಕೊಳ್ಳುತ್ತಿದ್ದರು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಮನುಷ್ಯನನ್ನು ಕಳಿಸುವುದು ದಂಡ ಎಂದು ಕಂಪನಿಗೆ ಕಂಡಿತು. ಅವರು ಬರುವುದು ನಿಂತಿತು. ಅದರ ಬದಲು ಪ್ರತಿ ಸೋಮವಾರ ಒಬ್ಬ ಹುಡುಗಿ ಫೋನ್ ಮಾಡತೊಡಗಿದಳು.

“ನಮಸ್ತೆ ಸರ್. ನಿಮ್ಮಲ್ಲಿ ಕುಂಕುಮ ಸ್ಟಾಕ್ ಹೇಗಿದೆ ಸರ್?”

“ಹೆಚ್ಚಾಗೇತವ್ವಾ.”

“ಓ, ಒಳ್ಳೇದು ಸರ್. ಅರಿಶಿನ?”

“ಅದೂ ಹೆಚ್ಚಾಗೇತಿ. ಭಾಳ ಹೆಚ್ಚಾಗೇತಿ.”

“ತುಂಬಾ ಸಂತೋಷ ಸರ್!”

ಫೋನ್ ಕೆಳಗಿಟ್ಟು ಇವರು ನನ್ನ ಮುಖ ನೋಡಿದರು. “ಛಲೋ ಹುಡುಗಿ. ಆದ್ರ ಸಂತೋಷ ಯಾಕಂತ?”

“ಮಾಲು ಖರ್ಚ ಆಗಾಕತ್ತೈತಿ ಅಂತ ಸಂತೋಷ ಆಗಿರಬೇಕ್ರಿ” ಎಂದೆ. ನನಗೂ ಅಷ್ಟೇ ತಿಳಿದದ್ದು.

ಆ ವಾರ ಮಾಲು ಬರಲಿಲ್ಲ. ಮುಂದಿನ ಸೋಮವಾರ ಇವರು ಇನ್ನೂ ಒತ್ತಿ ಹೇಳಿದರು, ಪೂರಾ ಹೆಚ್ಚಾಗಿದೆ, ಡಬ್ಬಿ ಸಹ ಹೆಚ್ಚಾಗಿವೆ ಎಂದು. ಹುಡುಗಿಗೆ ಇನ್ನೂ ಸಂತೋಷವಾಯಿತು. ಅಷ್ಟರಲ್ಲಿ ಲಗ್ನದ ಸುಗ್ಗಿ. ರಬಕವಿಯ ಅಂಗಡಿಯೊಂದರಿಂದ ಕೈಕಡ ತಂದು ಗಿರಾಕಿಗಳಿಗೆ ಕೊಟ್ಟೆವು. ಇವರು ಹೋಗಿ ಅಲ್ಲಿಯೂ, “ನಮ್ಮಲ್ಲಿ ಭಾಳ ಹೆಚ್ಚಾಗೇತಿ, ಒಂದಿಷ್ಟು ಕೊಡ್ರಿ” ಎಂದೇ ಕೇಳಿದರು. ಅಲ್ಲಿ ಕೂಡಲೇ ಕೊಟ್ಟರು.

ಕೊನೆಗೆ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಕಂಪನಿಯ ಟೆಂಪೊ ಬಂದು ನಿಂತಿತು. ಇವರ ಮುಖ ಅರಳಿತು. ಹಿಂದಿನ ಬಾಗಿಲು ತೆಗೆದರೆ ಒಳಗೆ ಏನೂ ಇರಲಿಲ್ಲ. ಮುಂದಿನಿಂದ ಟೈ ಕಟ್ಟಿದ ಒಬ್ಬರು ಲ್ಯಾಪ್‌ಟಾಪ್ ಎದೆಗವಚಿಕೊಂಡು ಇಳಿದರು.

“ಸರ್, ಈ ಭಾಗದಲ್ಲಿ ನಿಮ್ಮಷ್ಟು ಸ್ಟಾಕ್ ಇಟ್ಕೊಂಡಿರೋರು ಇನ್ನೊಬ್ಬರಿಲ್ಲ. ಜಾಸ್ತಿ ಆಗಿರೋದನ್ನ ವಾಪಸ್ ತಗೊಂಡು ಹೋಗೋಕೆ ಬಂದಿದೀವಿ.”

ಇವರು ಖಾಲಿ ಡಬ್ಬಿಗಳ ಕಡೆ ನೋಡಿದರು. ಸಾಹೇಬರೂ ನೋಡಿದರು.

“ಗೋಡೌನ್ ಎಲ್ಲಿದೆ ಸರ್?”

“ಯಾರ ಗೋಡೌನ್‌ರಿ?”

ಇಬ್ಬರೂ ಸಭ್ಯರು. ಹಾಗಾಗಿ ಜಗಳವಾಗಲಿಲ್ಲ, ಆದರೆ ತಿಳಿಯುವುದಕ್ಕೆ ಚಹಾ ಎರಡು ಸಲ ಬೇಕಾಯಿತು. ತಿಳಿದ ಮೇಲೆ ಸಾಹೇಬರು ಟೈ ಸಡಿಲಿಸಿ, “ಅಲ್ಲಾ ಸರ್, ಇಲ್ಲ ಅನ್ನೋಕೆ ಏನು ಕಷ್ಟ? ಒಂದು ಮಾತು” ಎಂದರು.

“ಸಾಹೇಬ್ರ, ನಿಮ್ಮ ಮನ್ಯಾಗ ನಿಮ್ಮ ತಾಯಿ ಮುಂದ ನಿಂತು, ಕುಂಕುಮದ ಹೆಸರಿಗಿ ನೀವೀಗ ಅಂದ ಆ ಒಂದು ಮಾತು ಹಚ್ಚಿ ಒಮ್ಮಿ ಅಂದು ನೋಡ್ರಿ. ಆಮ್ಯಾಲ ಬಂದು ನನಗ ಹೇಳ್ರಿ.”

ಸಾಹೇಬರು ಲ್ಯಾಪ್‌ಟಾಪಿನಲ್ಲಿ ಏನೋ ಹೊಡೆದರು. ಹೋಗುವಾಗ ಸಮಾಧಾನ ಹೇಳಿದರು: “ಇನ್ನು ಮೇಲೆ ನೀವು ಬಾಯೇ ಬಿಡಬೇಕಾಗಿಲ್ಲ. ಹೊಸ ವ್ಯವಸ್ಥೆ ಮಾಡ್ತೀವಿ.”

ಹೊಸ ವ್ಯವಸ್ಥೆ ಎಂದರೆ ಹುಡುಗಿಯ ಬದಲು ಯಂತ್ರ. ಸೋಮವಾರ ಫೋನ್ ಎತ್ತಿದರೆ ಇಂಪಾದ ಒಂದು ದನಿ: “ಕುಂಕುಮ ಇದ್ದರೆ ಒಂದನ್ನು ಒತ್ತಿ. ಕುಂಕುಮ ಇಲ್ಲದಿದ್ದರೆ ಎರಡನ್ನು ಒತ್ತಿ.” ಇವರು ಕೆಂಡ ತಾಗಿದವರಂತೆ ಫೋನನ್ನು ಕಿವಿಯಿಂದ ದೂರ ಹಿಡಿದರು. ಮುಂಜಾನೆ ಗಾದಿಗೆ ಕೈಮುಗಿದು ಕುಳಿತವರ ಕಿವಿಯಲ್ಲಿ ಅದು ನೇರವಾಗಿ ಅಂದೇಬಿಟ್ಟಿತ್ತು. ಯಂತ್ರಕ್ಕೆ ಬುದ್ಧಿ ಹೇಳೋಣವೆಂದರೆ ಅದು ಕೇಳಿಸಿಕೊಳ್ಳುತ್ತಿರಲಿಲ್ಲ. ಇವರ ಹೆಬ್ಬೆರಳು ಎರಡರ ಮೇಲೆ ಹೋಗಿ ನಿಂತಿತು, ಕೆಳಗಿಳಿಯಲಿಲ್ಲ.

“ಏನಬೇ, ಇಲ್ಲಿ ಬಾ. ನೀ ಒತ್ತು.”

“ನಾ ಯಾಕ್ರಿ?”

“ನಿನ್ನ ಬೆರಳ ಸಣ್ಣು ಅದಾವು. ನಂದು ಒತ್ತಿದ್ರ ಎರಡ ಗುಂಡಿ ಕೂಡೇ ಒತ್ತತಾವು.”

ಬಳೆ ಇಡುವ ಬೆರಳುಗಳು ಅವು. ಎಂಥ ಬಿಗಿ ಬಳೆಯನ್ನೂ ಎಳೆಯ ಹುಡುಗಿಯ ಕೈಗೆ ನೋವಾಗದಂತೆ ಏರಿಸುತ್ತಿದ್ದವು. ಗುಂಡಿ ಒತ್ತಲು ಮಾತ್ರ ದಪ್ಪವಾದವು. ನಾನು ನಕ್ಕು ಎರಡನ್ನು ಒತ್ತಿದೆ. ಮಾಲು ಬಂತು. ಅಂದಿನಿಂದ ಸೋಮವಾರ ಒತ್ತುವುದು ನನ್ನ ಕೆಲಸವಾಯಿತು. ಒತ್ತುತ್ತ ಒತ್ತುತ್ತ ಫೋನೇ ನನ್ನ ಕೈಗೆ ಬಂತು. ಗಿರಾಕಿಗಳು ಫೋನ್ ಮಾಡಿದರೆ ಲಗ್ನ ಯಾವಾಗ, ಹುಡುಗಿಯ ಬಳೆಯ ಅಳತೆ ಎಷ್ಟು, ಹಸಿರು ಯಾವ ಹಸಿರು ಎಂದೆಲ್ಲ ನಾನೇ ಕೇಳುತ್ತಿದ್ದೆ. ಇವರು ಬಳೆ ಇಡುತ್ತ ಕುಳಿತಿರುತ್ತಿದ್ದರು. ಅತ್ತೆ ಅಂಗಡಿಗೆ ಬಂದಾಗಲೆಲ್ಲ ನನ್ನ ಬೆರಳನ್ನೇ ನೋಡುತ್ತಿದ್ದರು.

ಒಂದು ಮುಂಜಾನೆ ಅಂಗಡಿಗೆ ಹೊರಟ ಇವರು ಚಪ್ಪಲಿ ಮೆಟ್ಟುತ್ತ ಹೊಸ್ತಿಲ ಮೇಲೆ ಕುಳಿತರು. ನೀರು ಕೇಳಿದರು. ನಾನು ತರುವಷ್ಟರಲ್ಲಿ ಗೋಡೆಗೆ ಒರಗಿದ್ದರು. ಜಮಖಂಡಿಯ ದವಾಖಾನೆಯಲ್ಲಿ ಹೃದಯ ಎಂದರು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಮಣ್ಣು ಕೊಟ್ಟ ಮೇಲೆ ಸೋಮವಾರ ಬಂತು. ಮನೆ ತುಂಬ ಹೆಂಗಸರು ಕುಳಿತಿದ್ದರು. ಫೋನ್ ಬಾರಿಸಿತು. ರೂಢಿಯ ಮೇಲೆ ಎತ್ತಿದೆ. ಹಳೆಯ ಫೋನು, ಅದರ ದನಿ ಇಡೀ ಪಡಸಾಲೆಗೆ ಕೇಳುತ್ತಿತ್ತು.

“ನಮಸ್ಕಾರ. ಕುಂಕುಮ ಇದ್ದರೆ ಒಂದನ್ನು ಒತ್ತಿ. ಕುಂಕುಮ ಇಲ್ಲದಿದ್ದರೆ ಎರಡನ್ನು ಒತ್ತಿ.”

ಎಲ್ಲರೂ ನನ್ನ ಹಣೆ ನೋಡಿದರು. ಆಗ ಅತ್ತೆ ಬಾಯಿ ತೆರೆದರು.

“ಕೇಳಿದ್ರೇನಬೇ ಎಲ್ಲಾರೂ? ವಾರಾ ವಾರಾ ಇಕಿ ಕುಂಕುಮ ಇಲ್ಲ, ಕುಂಕುಮ ಇಲ್ಲ ಅಂತ ಒತ್ತಿದ್ಲು. ಒತ್ತಿ ಒತ್ತಿ ಕಡೀಕ ನನ್ನ ಮಗನ್ನ ಒತ್ತಿಬಿಟ್ಲು.”

ಹೆಂಗಸರು ತಲೆಯಾಡಿಸಿದರು. ಒಬ್ಬಾಕೆ, “ಅದಕ್ಕ ನಮ್ಮ ಮನ್ಯಾಗ ಫೋನಿನ ಗುಂಡಿ ಗಂಡಸರ ಒತ್ತತಾರ” ಎಂದು ಸಹ ಹೇಳಿದಳು. ಫೋನ್ ಇನ್ನೂ ಕಾಯುತ್ತಿತ್ತು. ಇದ್ದರೆ ಒಂದು, ಇಲ್ಲದಿದ್ದರೆ ಎರಡು ಎಂದು ಮತ್ತೊಮ್ಮೆ ಕೇಳಿತು. ಆ ಪಡಸಾಲೆಯಲ್ಲಿ ದನಿ ತಗ್ಗಿಸದೆ ನನ್ನನ್ನು ಮಾತಾಡಿಸಿದ್ದು ಅದೊಂದೇ. ಅಂಗಡಿಯಲ್ಲಿ ಕುಂಕುಮ ನಿಜವಾಗಿಯೂ ತೀರಿತ್ತು, ಲಗ್ನದ ದಿನಗಳು ಹತ್ತಿರವಿದ್ದವು. ಎಲ್ಲರೆದುರಿಗೆ ಎರಡನ್ನು ಒತ್ತಿದೆ.

ಅತ್ತೆಯ ಮಾತನ್ನು ನಾನು ನಂಬಲಿಲ್ಲ. ಸಿಟ್ಟೂ ಬರಲಿಲ್ಲ. ಮಗನ ಎದೆಯಲ್ಲಿ ಕೆಟ್ಟದ್ದು ಏನೆಂದು ಅವರಿಗೆ ಕಾಣುತ್ತಿರಲಿಲ್ಲ, ನನ್ನ ಬೆರಳು ಕಾಣುತ್ತಿತ್ತು.

ಮುಂದೆ ನಮ್ಮ ಸಮಾಜದ ಹಿರಿಯರು ಕುಳಿತು ಅಂಗಡಿಯ ವಿಚಾರ ಮಾಡಿದರು. ನಮ್ಮವರಲ್ಲಿ ಸೂತಕವೇ ಇಲ್ಲ ಎಂದು ಸಭೆಗಳಲ್ಲಿ ಭಾಷಣ ಮಾಡುವ ಹಿರಿಯರು ಅವರು. ಅದನ್ನೇ ಮೊದಲು ಹೇಳಿದರು. ಆಮೇಲೆ, “ಆದ್ರ ಜನಾ ಒಪ್ಪೂದಿಲ್ಲಲ್ಲ” ಎಂದರು. ಬರಿ ಹಣೆಯಾಕೆ ಗಾದಿಯ ಮೇಲೆ ಕುಳಿತು ಕುಂಕುಮ ಕೊಟ್ಟರೆ, ಲಗ್ನದ ಹುಡುಗಿಗೆ ಬಳೆ ಇಟ್ಟರೆ ಯಾರು ಬರುತ್ತಾರೆ? ಗಾದಿಯ ಮೇಲೆ ಮೈದುನ ಕೂರಬೇಕು, ನಾನು ಮುಧೋಳದ ನಮ್ಮ ಅಣ್ಣನ ಮನೆಗೆ ಹೋಗಿ ಇರಬಹುದು ಎಂದಾಯಿತು. ಅಣ್ಣ ಒಳ್ಳೆಯವನೇ. ಆದರೆ ನನಗೆ ಬೇಕಿದ್ದುದು ಅಂಗಡಿ. ಅವರ ಜೊತೆ ಬದುಕಿದ್ದು ಮನೆಯಲ್ಲಿ ಕಡಿಮೆ, ಅಲ್ಲಿಯೇ ಹೆಚ್ಚು. ಆ ಗಾದಿಯ ಮೇಲೆ ಕುಳಿತು ಅವರ ಕೆಲಸ ನಡೆಸಬೇಕು, ಅದನ್ನು ಬಿಟ್ಟು ಬೇರೆ ಆಸೆ ನನಗಿರಲಿಲ್ಲ. ಇದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಲಗ್ನದ ಸುಗ್ಗಿ ಮುಗಿಯುವವರೆಗೆ ಇರುತ್ತೇನೆ ಎಂದಷ್ಟೇ ಅಂದೆ.

ಮೈದುನ ಅಂಗಡಿಯನ್ನು ಡಿಜಿಟಲ್ ಮಾಡುತ್ತೇನೆ ಎಂದ. ದೊಡ್ಡ ಪರದೆಯ ಫೋನ್ ತಂದು ವಾಟ್ಸಾಪ್ ಗುಂಪು ಕಟ್ಟಿದ. ಪೇಟೆಯವರನ್ನೆಲ್ಲ ಸೇರಿಸಿದ. ದಿನಾ ಬೆಳಿಗ್ಗೆ ಕೆಂಪು ಗುಲಾಬಿಯ ಚಿತ್ರದೊಂದಿಗೆ ಶುಭೋದಯ ಕಳಿಸುತ್ತಿದ್ದ, ಪೇಟೆಯವರೆಲ್ಲ ತಿರುಗಿ ಗುಲಾಬಿ ಕಳಿಸುತ್ತಿದ್ದರು. ಗುಲಾಬಿಗಳಿಗೆ ಲೆಕ್ಕವಿರಲಿಲ್ಲ, ಕುಂಕುಮ ಕೇಳಿದವರು ಯಾರೂ ಇರಲಿಲ್ಲ. ಬಳೆ ಇಡಲು ಕುಳಿತರೆ ಒಂದು ಕಣ್ಣು ಫೋನಿನ ಮೇಲೆ. ಡಜನ್‌ಗಟ್ಟಲೆ ಬಳೆ ಹೆಚ್ಚಾದವು.

ಹಳೆಯ ಫೋನ್ ಮಾತ್ರ ನನ್ನ ಬಳಿ ಉಳಿಯಿತು. “ಈ ಡಬ್ಬಾ ಫೋನ್ ನನಗ್ಯಾಕ ವೈನಿ? ನೀವ ಇಟಗೋರಿ” ಎಂದು ಅವನೇ ಕೊಟ್ಟಿದ್ದ. ಗಿರಾಕಿಗಳ ಹತ್ತಿರ ಇದ್ದದ್ದು ಆ ಡಬ್ಬಾ ಫೋನಿನ ನಂಬರ್. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ನಾನು ಬಾಸಿಂಗದ ಆರ್ಡರ್ ತೆಗೆದುಕೊಳ್ಳುತ್ತಿದ್ದೆ. ಮುಂಜಾನೆ ನಾನು ಎದುರಾದರೆ ಓಣಿಯ ಆಚೆ ಬದಿಗೆ ಸರಿದು ಹೋಗುತ್ತಿದ್ದ ಹೆಂಗಸರು ಮಧ್ಯಾಹ್ನ ಅದೇ ನನಗೆ ಫೋನ್ ಮಾಡಿ, “ಅಕ್ಕಾರ, ಕುಂಕುಮ ಚೊಕ್ಕ ಇರ್ಲಿರಿ” ಎನ್ನುತ್ತಿದ್ದರು. ಫೋನಿಗೆ ಹಣೆ ಇರುವುದಿಲ್ಲವಲ್ಲ.

ಹಿರಿಯರಿಗೆ ಇದು ತಿಳಿದು ಮತ್ತೆ ಕುಳಿತರು. ಫೋನಿನಲ್ಲಿ ಮಾತಾಡಿದರೆ ದೋಷವಿದೆಯೇ? ಬಹಳ ಚರ್ಚೆಯಾಗಿ, ದನಿ ತಂತಿಯೂ ಇಲ್ಲದೆ ಗಾಳಿಯಲ್ಲಿ ಹೋಗುವುದರಿಂದ ದೋಷವಿಲ್ಲ ಎಂದಾಯಿತು. ಆದರೆ ಕುಂಕುಮ ಕಟ್ಟುವುದು ಮೈದುನನ ಹೆಂಡತಿಯ ಕೈಯಿಂದಲೇ ಆಗಬೇಕು. ಅವಳು ಕೆಲವು ದಿನ ಕಟ್ಟಿದಳು. ಕೈ, ಸೀರೆ, ಕೂದಲು ಎಲ್ಲ ಕೆಂಪಾಗಿ, ಸೊಂಟ ಹಿಡಿದು, “ವೈನಿ ಕಟ್ಟಿದ್ರ ಏನಾಗ್ತೈತಿ? ಪ್ಲಾಸ್ಟಿಕ್ ಚೀಲ ಅಲ್ಲೇನು?” ಎಂದು ಅತ್ತಳು. ಹಿರಿಯರು ಮೂರನೆಯ ಸಲ ಕುಳಿತರು. ಪ್ಲಾಸ್ಟಿಕ್ಕಿಗೆ ಮೇಣದ ಬತ್ತಿಯ ಬಿಸಿ ತಾಗಿಸಿ ಬಾಯಿ ಬಿಗಿದರೆ ಒಳಗಿನದಕ್ಕೆ ದೋಷ ಇಳಿಯುವುದಿಲ್ಲ ಎಂದು ಒಪ್ಪಿದರು. ಮಾಲು ಬರುವುದು ನನ್ನ ಬೆರಳಿನಿಂದ, ಆರ್ಡರ್ ನನ್ನ ಬಾಯಿಂದ, ಕಟ್ಟುವುದು ನನ್ನ ಕೈಯಿಂದ. ನಿಷೇಧ ಉಳಿದದ್ದು ನನ್ನ ಮುಖಕ್ಕೆ ಮಾತ್ರ.

ಸುಗ್ಗಿಯ ಕೊನೆಯ ದಿನಗಳು. ಮೈದುನ ಜಮಖಂಡಿಗೆ ಹೋಗಿದ್ದ, ಸಣ್ಣ ವ್ಯಾಪಾರಿಗಳಿಗೆ ಮೊಬೈಲಿನಲ್ಲಿ ವ್ಯಾಪಾರ ಕಲಿಸುವ ತರಬೇತಿಗೆ. ಹೋಗುವಾಗ ಅಂಗಡಿಗೆ ಕೀಲಿ ಹಾಕಿಕೊಂಡು ಹೋಗಿದ್ದ. ಮಧ್ಯಾಹ್ನ ಹಳೆಯ ಫೋನ್ ಬಾರಿಸಿತು. ಬೀಳಗಿ ಕಡೆಯ, ಹಿನ್ನೀರಿಗೆ ಎದ್ದು ಹೋದ ಹಳ್ಳಿಯ ಒಬ್ಬ ತಾಯಿ. ಮಗಳ ಲಗ್ನಕ್ಕೆ ನನ್ನ ಜೊತೆ ಹಲವು ಸಲ ಫೋನಿನಲ್ಲಿ ಮಾತಾಡಿದಾಕೆ.

“ಅಕ್ಕಾರ, ಹುಡುಗೀನ ಕರಕೊಂಡು ನಿಮ್ಮ ಅಂಗಡಿ ಮುಂದ ನಿಂತೀವ್ರಿ. ಬಾಗಲಾ ಮುಂದಾಗೇತಲ್ರೀ! ನಾಳಿ ಅರಿಶಿಣ, ಇವತ್ತ ಬಳಿ ಇಡಸಬೇಕು. ಬಸ್ಸ ಹೋದ್ರ ಮತ್ತ ಬಸ್ಸಿಲ್ಲ.”

ಮೈದುನನಿಗೆ ಫೋನ್ ಮಾಡಿದೆ. ತರಬೇತಿಯಲ್ಲಿ ಫೋನ್ ಬಂದ್ ಇಡಲು ಹೇಳಿದ್ದರಂತೆ, ಹತ್ತಲಿಲ್ಲ. ಅವನ ಹೆಂಡತಿ ತವರಿಗೆ ಹೋಗಿದ್ದಳು. ಎರಡನೆಯ ಕೀಲಿ ಮನೆಯಲ್ಲಿತ್ತು. ಅತ್ತೆ, “ಕೀಲಿ ತಗದು ಹಿಂದ ಸರದು ನಿಂದರು, ಬಳಿ ಅವರ ಇಟಗೋಳ್ಲಿ” ಎಂದರು. ಸೆರಗು ಹೊದ್ದು ಹೋದೆ.

ತಾಯಿ ನನ್ನನ್ನು ನೋಡಿ, “ಫೋನಿನ ಅಕ್ಕಾರ ಎಲ್ಲಿ ಅದಾರವಾ? ಅವರನ್ನ ಕರಿ” ಎಂದಳು.

“ನಾನ ರೀ.”

ಅವಳ ನೋಟ ನನ್ನ ಹಣೆಯ ಮೇಲೆ ಬಂದು ನಿಂತಿತು. ನಾನು ಕೀಲಿ ತೆಗೆದು ಅತ್ತೆ ಹೇಳಿದಂತೆ ಹಿಂದೆ ಸರಿದು ನಿಂತೆ. ಹುಡುಗಿ ಮಾತ್ರ ನೇರವಾಗಿ ಒಳಗೆ ಬಂದು ಗಾದಿಯ ಮುಂದೆ ಕುಳಿತು ಕೈ ಚಾಚಿದಳು.

“ಫೋನಿನ್ಯಾಗ ನೀವ ಅಲ್ರೀ ಅಳತಿ ಕೇಳಿದವ್ರು? ಬಲಗೈ ಒಂದೀಟ ದಪ್ಪ ಐತಿ ಅಂತ ನಿಮಗಷ್ಟ ಹೇಳೀನಿ. ಇಡ್ರಿ ಲಗೂನ, ಹಸಿವ್ಯಾಗೇತಿ.”

“ಏ ಹುಚ್ಚಿ, ಸುಮ್ಮ ಕುಂದರು” ಎಂದು ತಾಯಿ ಗದರಿದಳು. ಬಸ್ ನಿಲ್ಲುವ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಆಮೇಲೆ ತಟ್ಟನೆ ಚೀಲದಿಂದ ಮೊಬೈಲ್ ತೆಗೆದು ಕಿವಿಗೆ ಹಿಡಿದು, ನಮಗೆ ಬೆನ್ನು ಮಾಡಿ ಕಟ್ಟೆಗೆ ಹೋಗಿ ನಿಂತಳು.

“ಹಾಂ ಅಣ್ಣಾ, ಹೇಳಪಾ... ಹೌದಾ... ಬೀಗರು ಬಂದ್ರ... ಛಲೋ ಆತು...”

ಕಣ್ಣಾರೆ ನೋಡದಿದ್ದರೆ ಅವಳ ಮೇಲೆ ದೋಷವಿಲ್ಲ. ನಮ್ಮ ಹಿರಿಯರಿಗೂ ಹೊಳೆಯದ ಉಪಾಯ ಅದು. ನಾನು ಗಾದಿಯ ಮೇಲೆ ಕುಳಿತೆ. ಹಸಿರು ಬಳೆಯ ಸರ ಬಿಚ್ಚಿದೆ. ಹುಡುಗಿಯ ಕೈ ಬೆವತಿತ್ತು, ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ಹೆಬ್ಬೆರಳಿನ ಬುಡವನ್ನು ಒಳಗೆ ಮಡಿಸಿ ಒತ್ತಿ ಹಿಡಿಯಬೇಕು, ಬಳೆಯನ್ನು ತಳ್ಳಬಾರದು, ಕೈಯನ್ನೇ ಬಳೆಯೊಳಗೆ ತರಬೇಕು. ಅವರು ಹಾಗೆ ಮಾಡುತ್ತಿದ್ದುದನ್ನು ಎಷ್ಟೋ ವರ್ಷ ಪಕ್ಕದಲ್ಲಿ ಕುಳಿತು ನೋಡಿದ್ದೆ. ನನ್ನ ಕಣ್ಣು ತುಂಬಿದವು. ಒಂದು ಬಳೆಯೂ ಹೆಚ್ಚಾಗಲಿಲ್ಲ.

ಎಡಗೈ ಮುಗಿದು ಬಲಗೈ ಹಿಡಿದಿದ್ದೆ. ತಾಯಿ ಕಟ್ಟೆಯ ಮೇಲೆ ಬೀಗರ ಊಟದವರೆಗೆ ಮಾತು ಬೆಳೆಸಿದ್ದಳು. ಅಷ್ಟರಲ್ಲಿ ಅವಳ ಕಿವಿಯಲ್ಲಿದ್ದ ಫೋನ್ ಜೋರಾಗಿ ಬಾರಿಸಿತು.

ಅವಳು ಬೆಚ್ಚಿ ಅದನ್ನು ಕೈಬಿಡುವುದರಲ್ಲಿದ್ದಳು. ಎದುರಿನ ಟೇಲರ್ ಹೊಲಿಗೆಯ ಮಶೀನಿನ ಮೇಲೆ ತಲೆಯಿಟ್ಟು ನಕ್ಕ. ಹುಡುಗಿ ನಕ್ಕಳು. ನಾನೂ ನಕ್ಕೆ. ಅವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು, ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು. ತಾಯಿ ತಿರುಗಿದಳು. ಮುಖ ಕೆಂಪಾಗಿತ್ತು. ಇನ್ನು ನೋಡದೆ ಬೇರೆ ದಾರಿಯಿರಲಿಲ್ಲ. ಮಗಳ ಮೊಣಕೈವರೆಗೆ ತುಂಬಿದ ಹಸಿರು ನೋಡಿದಳು, ಬಂದು ಪಕ್ಕದಲ್ಲಿ ಕುಳಿತಳು.

“ಛಲೋ ಕೂತಾವು” ಎಂದಳು. ಆಮೇಲೆ ತನ್ನ ಕೈ ಮುಂದೆ ಮಾಡಿ, “ನನಗೂ ಇಡ್ರಿ. ಹೆಂಗೂ ಬಂದೀನಿ” ಎಂದಳು. ಬಸ್ ಹೋಯಿತು. ಯಾವುದಾದರೊಂದು ಟಂಟಂ ಆಟೋ ಹಿಡಿದು ಹೋಗುತ್ತೇವೆ ಎಂದಳು.

ಟೇಲರನ ಹೆಂಡತಿ ಬಂದು ಕಟ್ಟೆಯ ಕೆಳಗೆ ನಿಂತು ನೋಡಿದಳು. ನೋಡಿ, ಮನೆಗೆ ಹೋಗಿ, ಮಗಳನ್ನು ಕರೆದುಕೊಂಡು ಬಂದಳು.

ಇಳಿಹೊತ್ತಿಗೆ ಮೈದುನ ಜಮಖಂಡಿಯಿಂದ ಬಂದ. ಕೊರಳಲ್ಲಿ ತರಬೇತಿಯವರು ಕೊಟ್ಟ ಗುರುತಿನ ಪಟ್ಟಿ, ಕೈಯಲ್ಲಿ ಪ್ರಮಾಣಪತ್ರ. ಅಂಗಡಿ ತೆರೆದಿದೆ, ನಾನು ಗಾದಿಯ ಮೇಲಿದ್ದೇನೆ, ಮುಂದೆ ಹೆಂಗಸರಿದ್ದಾರೆ. ಮೆಟ್ಟಿಲ ಮೇಲೆಯೇ ನಿಂತ.

“ವೈನಿ, ಒಂದೀಟ ಸರೀರಿ. ನಾ ಕುಂದರತೀನಿ.”

ನಾನು ಟೇಲರನ ಮಗಳ ಕೈ ಹಿಡಿದುಕೊಂಡಿದ್ದೆ. ಅದನ್ನು ಬಿಡಲಿಲ್ಲ.

“ಆ ಮೂಲ್ಯಾಗ ಸ್ಟೂಲ್ ಐತಿ ನೋಡ್ರಿ. ಅಲ್ಲಿ ರೇಂಜ್ ಛಲೋ ಬರ್ತೈತಿ” ಎಂದೆ.

ಅವನು ಹೆಂಗಸರ ಮುಖ ನೋಡಿದ. ಯಾರೂ ಅವನಿಗೆ ದಾರಿ ಬಿಡಲಿಲ್ಲ. ಮೂಲೆಗೆ ಹೋಗಿ, ಫೋನ್ ಎತ್ತಿ ಹಿಡಿದು ಪರದೆ ನೋಡಿದ. ರೇಂಜ್ ನಿಜವಾಗಿಯೂ ಚೆನ್ನಾಗಿತ್ತು. ಕುಳಿತ.